1:64 ಕಾರಿಗೆ ತೆಳು ಬಣ್ಣ, ಕೆಎ-25 ಪ್ಲೇಟು, ಒಂದಿಷ್ಟು ಮಸಾರಿ ಧೂಳು

ಅಂಗೈ ಮೇಲೆ ಕೂರುವ ಡೈಕಾಸ್ಟ್ ಕಾರಿಗೆ, ಅಂದರೆ ಲೋಹ ಕರಗಿಸಿ ಅಚ್ಚಿಗೆ ಹೊಯ್ದು ಮಾಡಿದ ಆಟಿಕೆ ಕಾರಿಗೆ, ಹೊಸ ಬಣ್ಣ ಹೊಡೆಯುವ ಮೊದಲು ಒಂದು ಲೆಕ್ಕ ಹಾಕಿ. 1:64 ಅಳತೆಯಲ್ಲಿ, ಅಂದರೆ ಅಸಲಿಯ 64ನೇ ಒಂದು ಪಾಲಿನ ಗಾತ್ರದಲ್ಲಿ, ಬಣ್ಣದ ಪದರ 0.1 ಮಿ.ಮೀ. ಆದರೆ, ನಿಜವಾದ ಕಾರಿಗೆ 6.4 ಮಿ.ಮೀ. ದಪ್ಪ ಗಿಲಾವು ಮಾಡಿದ ಹಾಗೆ. ಬಾಗಿಲಿನ ಸಂದಿ, ಬಾನೆಟ್ಟಿನ ಗೆರೆ, ಹಿಡಿಕೆ ಎಲ್ಲ ಮುಚ್ಚಿ ಕಾರು ಸವೆದ ಸಾಬೂನಿನಂತೆ ಕಾಣುತ್ತದೆ. ಹಾಗಾಗಿ ಕೆಲಸದ ಪ್ರತಿ ಹಂತದಲ್ಲೂ 64ರಿಂದ ಗುಣಿಸಿ ನೋಡುವ ರೂಢಿ ಇರಬೇಕು.

ಆ 64 ಕೂಡ ಎಲ್ಲ ಕಾರಿಗೂ ನಿಜವಲ್ಲ. ಹಾಟ್ ವೀಲ್ಸ್‌ನಂಥ ಕಾರುಗಳನ್ನು ಹೆಚ್ಚುಕಡಿಮೆ ಒಂದೇ ಗಾತ್ರಕ್ಕೆ ಹೊಂದಿಸಿ ಮಾಡುತ್ತಾರೆ. ದೊಡ್ಡ ಗಾಡಿ ಕುಗ್ಗಿರುತ್ತದೆ, ಸಣ್ಣದು ಹಿಗ್ಗಿರುತ್ತದೆ. ವರ್ನಿಯರ್‌ನಿಂದ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ಅಂತರ ಅಳೆದು, ಅದರಿಂದ ಅಸಲಿ ಕಾರಿನ ವ್ಹೀಲ್‌ಬೇಸ್ ಭಾಗಿಸಿ. ಅಂಬಾಸಿಡರ್‌ನದು 2464 ಮಿ.ಮೀ.; ಸರಿಯಾದ 1:64 ಮಾದರಿಯಲ್ಲಿ ಅದು 38.5 ಮಿ.ಮೀ. ಬರಬೇಕು, ಒಟ್ಟು ಉದ್ದ 4325ಕ್ಕೆ 67.6. ನಿಮಗೆ ಸಿಕ್ಕ ಅನುಪಾತವನ್ನು ಬರೆದಿಟ್ಟುಕೊಳ್ಳಿ, ನಂಬರ್ ಪ್ಲೇಟಿಗೆ ಬೇಕಾಗುತ್ತದೆ.

ಕಾರು ಬಿಚ್ಚುವ ಕೆಲಸ ಶುರುವಾಗುವುದು ರಿವೆಟ್‌ನಿಂದ. ತಳದಲ್ಲಿ ಅಣಬೆಯಂತೆ ಅಗಲಿಸಿದ ಒಂದೋ ಎರಡೋ ತಲೆ ಇರುತ್ತವೆ. ನಡುವೆ ಸೆಂಟರ್ ಪಂಚ್‌ನಿಂದ ಗುರುತು ಹೊಡೆದು, ಮೊದಲು 1.6 ಮಿ.ಮೀ. ಬಿಟ್‌ನಿಂದ 5 ಮಿ.ಮೀ. ಆಳ ಕೊರೆಯಿರಿ. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡರೆ ಛಾವಣಿಗೆ ತೂತು ಬೀಳುವುದಿಲ್ಲ. ಆಮೇಲೆ 3.5 ಮಿ.ಮೀ. ಬಿಟ್ ಹಾಕಿ ತಲೆಯನ್ನಷ್ಟೇ ಕೆರೆಯಬೇಕು. ಉಂಗುರದ ಹಾಗೆ ಚೂರು ಬಿಟ್ಟುಕೊಂಡ ಕೂಡಲೇ ನಿಲ್ಲಿಸಿ. ತಲೆಯ ಕೆಳಗಿನ ಕಂಬವನ್ನೇ ತಿಂದುಬಿಟ್ಟರೆ ಮರಳಿ ಜೋಡಿಸಲು ಸ್ಕ್ರೂಗೆ ಹಿಡಿತ ಉಳಿಯುವುದಿಲ್ಲ. ಮೊದಲು ಕೊರೆದ 1.6ರ ತೂತಿಗೆ ಎಂ2 ಟ್ಯಾಪ್ ಹಾಕಿ; 2 ಮಿ.ಮೀ. ಸ್ಕ್ರೂಗೆ ಒಳಗೆ ಮರೆ ಕೊರೆಯುವ ಸಾಧನ ಅದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ, ನಡುವೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಈ ಲೋಹ ಮೆತ್ತಗಿರುತ್ತದೆ, ಪುಡಿ ಟ್ಯಾಪಿನ ಹಲ್ಲಿಗೆ ಕಟ್ಟಿಕೊಳ್ಳುತ್ತದೆ. ಒತ್ತಾಯ ಮಾಡಿದರೆ ಟ್ಯಾಪ್ ಒಳಗೇ ಮುರಿಯುತ್ತದೆ, ಆ ಬಾಡಿ ಹೋದಂತೆಯೇ.

ಹಳೆಯ ಬಣ್ಣ ತೆಗೆಯಲು ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಸಾಕು. ಗಾಜಿನ ಬಾಟಲಿಯಲ್ಲಿ ಬಾಡಿಯೊಂದನ್ನೇ ಇಡಿ. ಕಿಟಕಿ, ಸೀಟು ಯಾವ ಪ್ಲಾಸ್ಟಿಕ್ಕೂ ಅದರಲ್ಲಿ ಇರಬಾರದು, ಕರಗುತ್ತವೆ. ಹದಿನೈದಿಪ್ಪತ್ತು ನಿಮಿಷದಲ್ಲಿ ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಸಾಬೂನು ನೀರಲ್ಲಿ ತೊಳೆಯಿರಿ. ಈ ಕೆಲಸ ಅಂಗಳದಲ್ಲೇ ಆಗಬೇಕು. ತೆಳು ಕೈಗವಸನ್ನು ರಿಮೂವರ್ ಬೇಗ ದಾಟುತ್ತದೆ, ಚರ್ಮ ಉರಿಯುತ್ತದೆ. ಎರಡು ಜೊತೆ ಹಾಕಿ, ತೊಯ್ದ ತಕ್ಷಣ ಬದಲಿಸಿ, ಕಣ್ಣಿಗೆ ಕನ್ನಡಕ ಇರಲಿ. ಕಾಸ್ಟಿಕ್ ಸೋಡಾ ಅಗ್ಗ ಎಂದು ಅದರಲ್ಲಿ ರಾತ್ರಿಯಿಡೀ ನೆನೆಹಾಕುವವರಿದ್ದಾರೆ. ಈ ಬಾಡಿ ಬಹುಪಾಲು ಸತುವು, ಜೊತೆಗೆ ನೂರಕ್ಕೆ ನಾಲ್ಕರಷ್ಟು ಅಲ್ಯೂಮಿನಿಯಂ. ಸತುವು ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಬೆಳಿಗ್ಗೆ ತೆಗೆದರೆ ಮೈ ಕಪ್ಪಾಗಿ, ಸೂಜಿ ಚುಚ್ಚಿದಂಥ ಕುಳಿ ಬಿದ್ದಿರುತ್ತವೆ.

ಈಗ ಬಾಡಿ ಬೆಳ್ಳಗೆ ಕೈಯಲ್ಲಿದೆ. ಎರಡು ಅಚ್ಚು ಕೂಡಿದಲ್ಲಿ ಎದ್ದ ಸಣ್ಣ ಏಣನ್ನು ಸೂಜಿ ಅರದಿಂದ ಇಳಿಸಿ, 400, 600, 800 ನಂಬರಿನ ವಾಟರ್ ಪೇಪರ್‌ನಲ್ಲಿ ಒದ್ದೆಯಾಗಿ ಉಜ್ಜಿ. ಬಾಗಿಲಿನ ಗೆರೆಗಳನ್ನು ದಪ್ಪ ಸೂಜಿಯಿಂದ ಎರಡು ಮೂರು ಬಾರಿ ಎಳೆದು ಆಳ ಮಾಡುವುದೂ ಈಗಲೇ. ಪ್ರೈಮರ್ ಬಿದ್ದ ಮೇಲೆ ಎಳೆದರೆ ಅಂಚು ಸಿಗಿದು ಬರುತ್ತದೆ.

ಪ್ರೈಮರ್ ವಿಷಯದಲ್ಲಿ ರಾಜಿ ಬೇಡ. ಬರೀ ಸತುವಿನ ಮೇಲೆ ಸಾಮಾನ್ಯ ಬಣ್ಣ ಹಿಡಿಯುವುದಿಲ್ಲ, ಮೂರು ತಿಂಗಳಿಗೆ ಉಗುರು ತಾಗಿದಲ್ಲಿ ಹೊಪ್ಪಳಿಕೆ ಏಳುತ್ತದೆ. ಗಾಡಿ ಪೇಂಟ್ ಮಾರುವ ಅಂಗಡಿಯಲ್ಲಿ ಎಚ್ (etch) ಪ್ರೈಮರ್, ಅಂದರೆ ಲೋಹವನ್ನು ತುಸು ಕಚ್ಚಿ ಹಿಡಿಯುವ ಪ್ರೈಮರ್ ಕೇಳಿ. ಕೆಳಗಿನ ಲೋಹ ಮಸುಕಾಗಿ ಕಾಣುವಷ್ಟು ತೆಳುವಾಗಿ ಒಂದೇ ಕೋಟ್. ಅದರ ಮೇಲೆ ಬೂದು ಪ್ರೈಮರ್ ಒಂದು ಕೋಟ್.

ಇನ್ನು ಹವೆ. ಧಾರವಾಡದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ ಮಳೆ ಹಿಡಿದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಮುಟ್ಟಬೇಡಿ. ಥಿನ್ನರ್ ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲಿ ಇಬ್ಬನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಕಪ್ಪು ಕಾರಿಗೆ ವಿಭೂತಿ ಬಳಿದ ಹಾಗೆ ಬಿಳಿ ಮಬ್ಬು ಬರುವುದು ಇದರಿಂದ. ಬಂದೇ ಬಿಟ್ಟರೆ ಒಣ ದಿನಕ್ಕೆ ಕಾದು, ರಿಟಾರ್ಡರ್ (ಒಣಗುವುದನ್ನು ನಿಧಾನಿಸುವ ದ್ರವ) ಬೆರೆಸಿದ ಥಿನ್ನರ್ ಅನ್ನು ಮಂಜಿನಂತೆ ಒಂದು ಸಲ ಹಾಯಿಸಿ; ಪದರ ಮತ್ತೆ ಸಡಿಲಾಗಿ ತೇವ ಹೊರಬೀಳುತ್ತದೆ. ಯುಗಾದಿ ದಾಟಿದ ಮೇಲಿನ ಹುಬ್ಬಳ್ಳಿ ಬಿಸಿಲಿನಲ್ಲಿ ತೊಂದರೆ ಉಲ್ಟಾ: ಹನಿ ಕಾರಿಗೆ ತಲುಪುವುದರೊಳಗೆ ಅರ್ಧ ಒಣಗಿ, ಮೈ ರವೆಯಂತೆ ತರಿತರಿಯಾಗುತ್ತದೆ. ಗದಗಿನ ಕಡೆಯವರಿಗೆ ಗಾಳಿಯದೇ ಕಾಟ; ಕಪ್ಪತಗುಡ್ಡದಲ್ಲಿ ಗಾಳಿಯಂತ್ರ ತಿರುಗಿಸುವ ಗಾಳಿ ಅದು, ರಟ್ಟಿನ ಡಬ್ಬಿಯನ್ನು ಮೂರು ಕಡೆ ಮರೆ ಮಾಡಿಕೊಳ್ಳದೆ ಸ್ಪ್ರೇ ಮಾಡುವಂತಿಲ್ಲ. ದೀಪಾವಳಿಯಿಂದ ಶಿವರಾತ್ರಿ ತನಕ, ಇಬ್ಬನಿ ಆರಿದ ಮೇಲೆ ಬೆಳಿಗ್ಗೆ 10ರಿಂದ 12, ಇದಕ್ಕಿಂತ ಒಳ್ಳೆಯ ಹೊತ್ತು ನಮ್ಮ ಕಡೆ ಇಲ್ಲ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ, ಅತಿಯಾಗದಿರಲಿ.

ಸ್ಪ್ರೇ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಹನಿ ಸಣ್ಣದಾಗುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಲೇಬಾರದು, ಸಿಡಿಯುತ್ತದೆ. 15-20 ಸೆ.ಮೀ. ದೂರದಿಂದ, ಕಾರಿನ ಆಚೆ ಶುರುಮಾಡಿ ಈಚೆ ಬಿಡಿ. ಮೊದಲ ಕೋಟ್ ಪ್ರೈಮರ್ ಮುಚ್ಚಬಾರದು. ಹತ್ತು ಹದಿನೈದು ನಿಮಿಷ ಬಿಟ್ಟು ಎರಡನೆಯದು, ಬೇಕೆನಿಸಿದರಷ್ಟೇ ಮೂರನೆಯದು. ಮೆಟಾಲಿಕ್ ಬಣ್ಣ ಆರಿಸುವಾಗಲೂ 64ರ ಲೆಕ್ಕ ಹಾಕಿ: 0.03 ಮಿ.ಮೀ. ಮಿಂಚಿನ ಕಣ ಇಲ್ಲಿ ಸುಮಾರು 2 ಮಿ.ಮೀ. ಚಮಕಿ ಆಗುತ್ತದೆ. ಗಾಡಿಯ ಟಚ್‌ಅಪ್ ಬಣ್ಣ ಈ ಕಾರಣಕ್ಕೇ ನಕಲಿಯಾಗಿ ಕಾಣುತ್ತದೆ. ಅಚ್ಚ ಬಣ್ಣವೇ ವಾಸಿ.

ಗಾಜು ಕೂರಿಸಲು ಫೆವಿಕ್ವಿಕ್ ಬೇಡ, ಅದರ ಆವಿ ಕಿಟಕಿಯ ಒಳಮೈಗೆ ಬಿಳಿಯಾಗಿ ಕೂರುತ್ತದೆ. ಫೆವಿಕಾಲ್ ಒಂದು ಚುಕ್ಕೆ ಸಾಕು, ಒಣಗಿದರೆ ಕಾಣುವುದಿಲ್ಲ.

ನಂಬರ್ ಪ್ಲೇಟ್ ನನಗೆ ಎಲ್ಲಕ್ಕಿಂತ ಇಷ್ಟದ ಭಾಗ. ಅಸಲಿ ಪ್ಲೇಟು 500 × 120 ಮಿ.ಮೀ., ಸರಿಯಾದ 1:64ರಲ್ಲಿ 7.8 × 1.9; ನಿಮ್ಮ ಅನುಪಾತ ಬೇರೆಯಾದರೆ ಅದರಿಂದ ಭಾಗಿಸಿ. ಅಕ್ಷರದ ಎತ್ತರ 65 ಮಿ.ಮೀ., ಇಲ್ಲಿ ಸುಮಾರು 1. ಅಕ್ಷರದ ಗೆರೆ 10 ಮಿ.ಮೀ. ಇದ್ದದ್ದು 0.16ಕ್ಕೆ ಇಳಿಯುತ್ತದೆ. 300 ಡಿಪಿಐ (ಇಂಚಿಗೆ 300 ಚುಕ್ಕೆ) ಮುದ್ರಣದಲ್ಲಿ ಒಂದು ಚುಕ್ಕೆಯೇ 0.085 ಮಿ.ಮೀ.; ಗೆರೆಗೆ ಎರಡು ಚುಕ್ಕೆ ಬರುವುದೂ ಕಷ್ಟ, 8 ಮತ್ತು 6 ಕಲಸಿಹೋಗುತ್ತವೆ. 600 ಡಿಪಿಐ ಲೇಸರ್ ಪ್ರಿಂಟರ್ ಬೇಕು, ನೀರಲ್ಲಿ ನೆನೆಸಿ ಚಿತ್ರವನ್ನು ಜಾರಿಸಿ ಅಂಟಿಸುವ ಬಿಳಿ ಡೆಕಾಲ್ ಹಾಳೆ ಬೇಕು. ಫೋಟೋ ಪೇಪರ್ ಅಂಟಿಸಿದರೆ 0.25 ಮಿ.ಮೀ. ದಪ್ಪ 16 ಮಿ.ಮೀ. ಹಲಗೆಯಂತೆ ಎದ್ದು ನಿಲ್ಲುತ್ತದೆ. ಧಾರವಾಡಕ್ಕೆ ಕೆಎ-25, ಗದಗಿಗೆ 26, ಹಾವೇರಿಗೆ 27. ಹುಬ್ಬಳ್ಳಿಯ ಕೆಎ-63 ತಡವಾಗಿ ಬಂದದ್ದು. ಹಳೆಯ ಹುಬ್ಬಳ್ಳಿ ಅಂಬಾಸಿಡರ್‌ಗೆ ಕೆಎ-25ನ್ನೇ ಹಾಕಿ.

ಕೊನೆಗೆ ಧೂಳು. ಹೊಲದ ಮಣ್ಣನ್ನು ಹಾಗೇ ಉದುರಿಸಿದರೆ 0.1 ಮಿ.ಮೀ. ಕಣ ಜಲ್ಲಿಕಲ್ಲಾಗುತ್ತದೆ. ಒಂದು ಚಮಚ ಮಣ್ಣನ್ನು ಲೋಟ ನೀರಲ್ಲಿ ಕಲಕಿ ಒಂದು ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ರಾಡಿ ನೀರನ್ನು ಬೇರೆ ಬಟ್ಟಲಿಗೆ ಬಗ್ಗಿಸಿ, ಒಂದು ದಿನ ಬಿಟ್ಟು ತಿಳಿ ಚೆಲ್ಲಿ, ಉಳಿದದ್ದನ್ನು ಒಣಗಿಸಿ ಪುಡಿ ಮಾಡಿ. ಕಲಘಟಗಿ ಕಡೆಯ ಮಸಾರಿಯಿಂದ, ಅಂದರೆ ಕೆಂಪು ಮಣ್ಣಿನಿಂದ, ಕೆಂಪು ಧೂಳು ಸಿಗುತ್ತದೆ. ಅದು ಡಿಕ್ಕಿ ಮೇಲೆ, ಹಿಂದಿನ ಗಾಜಿನ ಮೇಲೆ ಹಬೆಯಂತೆ ಕೂರಬೇಕು. ನವಲಗುಂದ, ಗದಗಿನ ಎರಿ (ಕಪ್ಪು) ಮಣ್ಣು ಹಾಗಲ್ಲ, ಅದು ಮಳೆಯಲ್ಲಿ ಟೈರಿಗೆ ಮೆತ್ತಿ ಹೆಂಟೆಯಾಗಿ ಮಡ್‌ಗಾರ್ಡ್ ಒಳಗೆ ಕಟ್ಟುತ್ತದೆ. ಒಣಗಿದರೆ ಬೂದು, ಮೇಲೆ ಮ್ಯಾಟ್ ವಾರ್ನಿಷ್ ಬಿದ್ದರೆ ಮತ್ತೆ ಕಪ್ಪು. ಆದ್ದರಿಂದ ಮೊದಲೇ ಸ್ವಲ್ಪ ಸೀಮೆಸುಣ್ಣದ ಪುಡಿ ಬೆರೆಸಿ. ಪುಡಿಯನ್ನು ಮೆತ್ತನೆ ಕುಂಚದಿಂದ ಹಚ್ಚಿ, 30 ಸೆ.ಮೀ. ದೂರದಿಂದ ಮ್ಯಾಟ್ ವಾರ್ನಿಷ್ ಒಂದೇ ಒಂದು ಸಲ ಹಾಯಿಸಿ. ಎರಡು ಸಲವಾದರೆ ಧೂಳೇ ಮಾಯ. ಇದೆಲ್ಲಕ್ಕೂ ಮೊದಲು ಮುಂದಿನ ಗಾಜಿನ ಮೇಲೆ ವೈಪರ್ ತಿರುಗುವಷ್ಟು ಜಾಗಕ್ಕೆ ಬೀಸಣಿಗೆಯಾಕಾರದ ಎರಡು ಟೇಪ್ ತುಂಡು ಅಂಟಿಸಿ. ವಾರ್ನಿಷ್ ಒಣಗಿದ ಮೇಲೆ ಚಿಮಟದಿಂದ ಮೆಲ್ಲಗೆ ಎತ್ತಿ ತೆಗೆಯಿರಿ.