ಮೂರಡಿ ದೂರ

ಅಮೆರಿಕದ ಈ ಚಳಿಗಾಲದಲ್ಲಿ ಅಮ್ಮ ನಮ್ಮ ಜೊತೆ ಇದ್ದಾರೆ. ಅವರ ಕೋಣೆಗೊಂದು ಪುಟ್ಟ ಹೀಟರ್ ಇಟ್ಟಿದ್ದೇವೆ. ಮೊನ್ನೆ ಅದರ ಮುಂದಿನ ಕುರ್ಚಿಯ ಮೇಲೆ ಒದ್ದೆ ಟವೆಲ್ ಹರವಿದ್ದರು. ಒಂದು ಅಂಚು ಹೀಟರ್ ಜಾಲರಿಗೆ ತಾಗುವಷ್ಟು ಇಳಿಬಿದ್ದಿತ್ತು. ಮಗಳು ಬಂದವಳೇ ಕುರ್ಚಿ ಎಳೆದಳು.

"ಅಜ್ಜಿ, ಮೂರಡಿ ದೂರ ಇರ್ಬೇಕು. ಮತ್ತೆ, ನಾವು ಮಲಗಿದ್ಮೇಲೆ ಅದು ಎದ್ದಿರಬಾರದು."

ಶಾಲೆಗೆ ಬಂದಿದ್ದ ಅಗ್ನಿಶಾಮಕ ದಳದವರು ಕಲಿಸಿದ ಪಾಠವಂತೆ. "ರಾತ್ರಿ ಚಳಿಗೆ ತಾನೇ ಅದನ್ನ ಇಟ್ಟಿರೋದು?" ಅಂದರು ಅಮ್ಮ. ನ್ಯಾಯವಾದ ಪ್ರಶ್ನೆಯೇ. ಕೊನೆಗೆ, ಮಲಗುವ ಮುಂಚೆ ಕೋಣೆ ಬೆಚ್ಚಗೆ ಮಾಡಿ ಆಫ್ ಮಾಡುವುದು, ಕಂಬಳಿ ಒಂದು ಜಾಸ್ತಿ ಹೊದೆಯುವುದು ಅಂತ ಒಪ್ಪಂದವಾಯಿತು.

ಇಲ್ಲಿ ಈ ವಿಷಯ ಸುಮ್ನೆ ಹೇಳುವುದಿಲ್ಲ. 2022ರ ಜನವರಿ 9ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಒಂದು ಫ್ಲಾಟಿನ ಕೆಟ್ಟ ಹೀಟರಿನಿಂದ ಬೆಂಕಿ ಹತ್ತಿ 17 ಜನ ಸತ್ತರು. ಅವರಲ್ಲಿ 8 ಮಕ್ಕಳು. ಜೀವ ತೆಗೆದದ್ದು ಹೊಗೆ. ಆ ಫ್ಲಾಟಿನ ಬಾಗಿಲು ಮುಚ್ಚಿಕೊಳ್ಳದೆ ಹೊಗೆ ಮಹಡಿ ಮಹಡಿಗೂ ಏರಿತ್ತು. ಅದನ್ನು ಓದಿದ ಮೇಲೆ ಮಲಗುವ ಕೋಣೆಯ ಬಾಗಿಲು ಮುಚ್ಚದೆ ನನಗೆ ನಿದ್ದೆ ಬರುವುದಿಲ್ಲ.

ಮಗಳ ಮಾತು ಕೇಳಿ ಹೆಮ್ಮೆಯಾಯಿತು, ಜೊತೆಗೆ ಬೇಸರವೂ. ನಾವೂ ಹೈಸ್ಕೂಲಿನಲ್ಲಿ ವ್ಯಾಟ್, ವೋಲ್ಟ್, ಆಂಪಿಯರ್ ಲೆಕ್ಕ ಮಾಡಿ ಪೂರ್ತಿ ಅಂಕ ತೆಗೆದವರೇ ಅಲ್ವಾ? ಆದರೆ ಮನೆಯ ಸಾಕೆಟ್ ಎಷ್ಟು ಆಂಪಿಯರ್ ತಾಳಿಕೊಳ್ಳುತ್ತದೆ ಅಂತ ಯಾರೂ ಕೇಳಲಿಲ್ಲ. ಅದೇ ಲೆಕ್ಕ ಹಾಕಿ ನೋಡಿ. ನಮ್ಮ ಭಾರತದ 230 ವೋಲ್ಟಿನಲ್ಲಿ 2000 ವ್ಯಾಟಿನ ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಅಲ್ಲಿನ ಸಣ್ಣ ಸಾಕೆಟ್ ಇರುವುದು 6 ಆಂಪಿಯರಿಗೆ. ಅದಕ್ಕೇ ಹೀಟರಿಗೆ ದಪ್ಪ ಪಿನ್ನಿನ ಪ್ಲಗ್ ಕೊಟ್ಟಿರುತ್ತಾರೆ. ನಾವು ಅದಕ್ಕೊಂದು ಅಡಾಪ್ಟರ್ ಸಿಕ್ಕಿಸಿ ಎಕ್ಸ್‌ಟೆನ್ಶನ್ ಬೋರ್ಡಿಗೆ ಚುಚ್ಚುತ್ತೇವೆ. ಊರಿನ ಮನೆಯ ಬೋರ್ಡ್ ಇನ್ನೂ ಕಣ್ಣ ಮುಂದಿದೆ: ಪಿನ್ನಿನ ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿತ್ತು. ಅದು ಹಳೆಯದಾಗಿ ಬಂದ ಬಣ್ಣವಲ್ಲ, ಬಿಸಿಗೆ ಸುಟ್ಟದ್ದು.

ಅವತ್ತೇ ಊರಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಹೀಟರನ್ನು ನೇರವಾಗಿ ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ಹಾಕು, ಪ್ಲಗ್ ಮುಟ್ಟಿದಾಗ ಸುಡುತ್ತಿದ್ದರೆ ಮತ್ತೆ ಬಳಸಬೇಡ, ಪರದೆ ಹಾಸಿಗೆಯಿಂದ ದೂರ ಸಮತಟ್ಟು ನೆಲದ ಮೇಲಿಡು ಅಂದೆ. "ಆ ಕೋಣೆಯಲ್ಲಿ ದೊಡ್ಡ ಸಾಕೆಟ್ಟೇ ಇಲ್ವಲ್ಲಕ್ಕ" ಅಂದ. ಹಾಗಾದರೆ ಎಲೆಕ್ಟ್ರೀಶಿಯನ್ ಬಂದು ಹಾಕಿಕೊಡುವವರೆಗೂ ಆ ಕೋಣೆಗೆ ಹೀಟರ್ ಬೇಡ ಅಂದೆ.