ಅಜ್ಜಿಯ ಹರಕೆ, ಅಜ್ಜಿಯ ಕೂಲಿ

ಚಳ್ಳಕೆರೆ ಸೀಮೆಯ ನನ್ನ ಬಾಲ್ಯದ ಬಗ್ಗೆ ಬರೆಯಲು ಕೂತಾಗಲೆಲ್ಲ ಪ್ರಬಂಧ ಒಂದೋ ಭಜನೆಯಾಗುತ್ತಿತ್ತು, ಇಲ್ಲವೇ ಊರು ಬಿಟ್ಟು ಓದಿದವನ ಗೇಲಿಯಾಗುತ್ತಿತ್ತು. ದೇವರಿದ್ದಾನೋ ಇಲ್ಲವೋ ಎಂಬ ವಾದವನ್ನು ಬದಿಗಿಟ್ಟು, ನಾಯಕನಹಟ್ಟಿ ಜಾತ್ರೆಯ ಒಂದು ದಿನವನ್ನು ಕಂಡಷ್ಟೇ ಬರೆಯಲು ಹೊರಟ ಮೇಲೆ ಅಜ್ಜಿಯ ಭಕ್ತಿ ಕೊಂಚ ಅರ್ಥವಾಗತೊಡಗಿತು.

ನನ್ನ ಜ್ವರ ಬಿಟ್ಟರೆ ಹಟ್ಟಿಯ ಸಂತ ತಿಪ್ಪೇರುದ್ರಸ್ವಾಮಿಗೆ ಕೊಬ್ಬರಿ ಸುಡುತ್ತೇನೆಂದು ಆಕೆ ಹರಕೆ ಹೊತ್ತಿದ್ದಳು. ಫಾಲ್ಗುಣದ ಬಿಸಿಲಿನಲ್ಲಿ ಉರಿಯುತ್ತಿದ್ದ ಕೊಬ್ಬರಿ ರಾಶಿಯ ಝಳಕ್ಕೆ ಹತ್ತಿರ ನಿಲ್ಲಲಾಗುತ್ತಿರಲಿಲ್ಲ. ಗಿಟುಕುಗಳು ಎಣ್ಣೆ ಕಾರಿ ಚಟಪಟ ಸಿಡಿಯುತ್ತಿದ್ದವು, ಕಪ್ಪು ಹೊಗೆಗೆ ಕಣ್ಣು ಉರಿಯುತ್ತಿತ್ತು. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಗಿಟುಕುಗಳನ್ನು ನನ್ನ ತಲೆಗೆ ನಿವಾಳಿಸಿ ಬೆಂಕಿಗೆ ಎಸೆದಳು.

“ಮನ್ಯಾಗೆ ಹಬ್ಬಕ್ಕೂ ಇಲ್ಲದ ಕೊಬ್ರಿ ಇಲ್ಲಿ ಯಾಕಜ್ಜಿ ಸುಡ್ತೀಯ?”

“ಸುಮ್ನಿರಲೇ. ಆತ ಯಾರ ಋಣಾನೂ ಇಟ್ಕಳಲಿಲ್ಲ, ನಾವೂ ಇಟ್ಕಬಾರ್ದು.”

ಆ ಮಾತಿನ ಹಿಂದೆ, ಬಿತ್ತನೆ ಶೇಂಗಾ ಒಡೆಯುತ್ತ ಆಕೆ ಮತ್ತೆ ಮತ್ತೆ ಹೇಳುತ್ತಿದ್ದ ಕತೆಯಿತ್ತು. ಸ್ವಾಮಿ ಕೆರೆ ಕಟ್ಟಿಸುವಾಗ ಕೆಲಸದವರು ಸಂಜೆ ಮಾಡಿದ ಮರಳಿನ ಗುಡ್ಡೆಯಲ್ಲಿ ಅವರವರು ದುಡಿದಷ್ಟೇ ಕೂಲಿ ಸಿಗುತ್ತಿತ್ತಂತೆ. ಮೈಗಳ್ಳನಿಗೆ ಕಡಿಮೆ, ಮೈಮುರಿದು ದುಡಿದವಳಿಗೆ ಪೂರ್ತಿ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಸ್ವಾಮಿಯ ಮಾತನ್ನು ಆಕೆ ಈ ಕತೆಯ ಜೊತೆಗೇ ಹೇಳುತ್ತಿದ್ದಳು. ನಾನು ಚಿಕ್ಕವನಿದ್ದಾಗ ಇದನ್ನು ಪವಾಡವೆಂದು ನಂಬಿದ್ದೆ, ಕಾಲೇಜಿಗೆ ಹೋದ ಮೇಲೆ ಪವಾಡವೆಂದೇ ನಕ್ಕಿದ್ದೆ. ಬರೆಯುವಾಗ ಇದರ ಪಕ್ಕಕ್ಕೆ ಬಂದು ನಿಂತದ್ದು ಬಟವಾಡೆಯ ದಿನದ ನೆನಪು: ಕಂಡವರ ಹೊಲದಲ್ಲಿ ಗಂಡಾಳುಗಳ ಸಮಕ್ಕೆ ಸಾಲು ಹಿಡಿದು ಕಳೆ ತೆಗೆದ ಅಜ್ಜಿ, ಜಮೀನಿನವರ ಜಗಲಿಯ ಕೆಳಗೆ ನಿಂತು ಹೆಣ್ಣಾಳಿನ ಕಡಿಮೆ ಕೂಲಿಯನ್ನು ಕೈಯೊಡ್ಡಿ ಪಡೆಯುತ್ತಿದ್ದಳು. ಅಲ್ಲಿ ಆಕೆ ಎಂದೂ ತಕರಾರು ಮಾಡಿದವಳಲ್ಲ. ದುಡಿತವನ್ನು ಸರಿಯಾಗಿ ಅಳೆಯುವ ಯಜಮಾನನೊಬ್ಬ ಇರಲೇಬೇಕೆಂಬ ಹಟವನ್ನು ಮಾತ್ರ ನಾಯಕನಹಟ್ಟಿಗೆ ಒಯ್ಯುತ್ತಿದ್ದಳೆಂದು ಈಗ ನನಗನ್ನಿಸುತ್ತದೆ. (ಊರಿಗೆ ಬರುತ್ತಿದ್ದ ಪುರಾಣಿಕರು ಕೂಲಿಯ ಮಾತೆತ್ತಿದ್ದು ನನಗೆ ನೆನಪಿಲ್ಲ, ಅವರಿಗೆ ಮುಕ್ತಿಯದೇ ಚಿಂತೆ.)

ಹಾಗೆಂದು ಆಕೆಯ ಭಕ್ತಿಯನ್ನೆಲ್ಲ ಕೂಲಿಯ ಲೆಕ್ಕಕ್ಕೆ ಇಳಿಸಿದರೆ ಅದೂ ಗೇಲಿಯ ಇನ್ನೊಂದು ಬಗೆಯೇ ಆದೀತು. ಅಂದು ತೇರು ಕದಲಿದಾಗ, ತಾತ ತೀರಿಕೊಂಡಾಗಲೂ ನಮ್ಮೆದುರು ಅಳದಿದ್ದ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತಳು. ಯಾಕೆಂದು ನಾನು ಆಗ ಕೇಳಲಿಲ್ಲ. ಪ್ರಬಂಧದಲ್ಲಿ ಆ ಅಳುವನ್ನು ಬರೆದಿದ್ದೇನೆ, ಕಾರಣವನ್ನು ಊಹಿಸಿ ಬರೆಯಲು ಹೋಗಿಲ್ಲ.