ಆ ದೇಶಕ್ಕೆ ಹೋದರೆ ಇಂಗ್ಲಿಷ್ ತಾನಾಗಿಯೇ ಬರುತ್ತದಾ?

ದೊಡ್ಡವರಿಗೆ ಇಂಗ್ಲಿಷ್ ಕಲಿಸುವ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಇದು. "ಕ್ಲಾಸು, ಪುಸ್ತಕ ಎಲ್ಲ ಯಾಕೆ? ಇಂಗ್ಲಿಷ್ ಮಾತಾಡುವವರ ನಡುವೆ ಎರಡು ವರ್ಷ ಇದ್ದುಬಿಟ್ಟರೆ ಸಾಕಲ್ವಾ?"

ಅರ್ಧ ಕೆಲಸ ಆಗುತ್ತದೆ. ಕಿವಿ ಪಳಗುತ್ತದೆ, ಬಾಯಿ ಬಿಡುವ ಧೈರ್ಯ ಬರುತ್ತದೆ. ವ್ಯಾಕರಣ ಮಾತ್ರ ಸುಮ್ನೆ ಬಂದು ಅಂಟಿಕೊಳ್ಳುವುದಿಲ್ಲ. ರಿಚರ್ಡ್ ಶ್ಮಿಟ್ ಎಂಬ ಭಾಷಾತಜ್ಞರು 1983ರಲ್ಲಿ ಒಬ್ಬ ಜಪಾನಿ ಕಲಾವಿದನ ಬಗ್ಗೆ ಬರೆದರು, ಅವನಿಗೆ ವೆಸ್ ಎಂದು ಹೆಸರಿಟ್ಟಿದ್ದರು. ಮೂವತ್ತು ದಾಟಿದ ಮೇಲೆ ಹವಾಯಿಗೆ ಬಂದವನು, ಎಲ್ಲರ ಜೊತೆ ಬೆರೆಯುವವನು. ಮೂರು ವರ್ಷದಲ್ಲಿ ಹರಟೆ, ವ್ಯವಹಾರ ಎಲ್ಲ ಸಲೀಸಾಯಿತು, ಆದರೆ ಅವನ ವ್ಯಾಕರಣ ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಕೇಳಿದ್ದನ್ನು ಗಮನಿಸದೆ ಕಲಿಯಲಾಗದು ಎಂದು ಶ್ಮಿಟ್ ಮುಂದೆ 1990ರಲ್ಲಿ ವಾದಿಸಿದರು. ನನ್ನ ಅನುಭವವೂ ಅದೇ.

ಹಾಗಂತ ಅಲ್ಲಿ ಇರುವುದು ದಂಡ ಅಲ್ಲ. ನನ್ನ ಒಬ್ಬ ವಿದ್ಯಾರ್ಥಿಗೆ ಅವನ ಮ್ಯಾನೇಜರ್ "ಯು ಮೈಟ್ ವಾಂಟ್ ಟು ಲುಕ್ ಅಟ್ ದಿಸ್ ಅಗೇನ್" ಎಂದರಂತೆ. ಪ್ರತಿ ಪದವೂ ಅರ್ಥವಾಯಿತು. ಬೇಕಿದ್ದರೆ ನೋಡು ಅಂತಿದ್ದಾರೆ ಎಂದುಕೊಂಡು ಫೈಲು ಪಕ್ಕಕ್ಕಿಟ್ಟ. ಸಂಜೆ ಬೈಸಿಕೊಂಡ. ವಾರ ಕಳೆದ ಮೇಲೆ ಅದೇ ಮಾತು ಪಕ್ಕದ ಮೇಜಿನವರಿಗೆ ಬಿತ್ತು. ಅವರು ತಕ್ಷಣ ಕೈಯಲ್ಲಿದ್ದ ಕೆಲಸ ಬಿಟ್ಟು ಫೈಲು ಬಿಚ್ಚಿದರು. ಅದನ್ನು ನೋಡಿದಾಗಲೇ ಇವನಿಗೆ ಹೊಳೆದದ್ದು, ಅದು ಸಲಹೆಯಲ್ಲ, ಮತ್ತೆ ಮಾಡು ಎನ್ನುವ ಅಪ್ಪಣೆ. ಇಂಥದ್ದು ಕ್ಲಾಸಿನಲ್ಲಿ ಹೇಳಿಕೊಟ್ಟರೂ ಮನಸ್ಸಿಗೆ ಇಳಿಯುವುದು ಕಷ್ಟ.

ಇನ್ನೊಂದು ತೊಂದರೆ ಇದೆ. ಅಲ್ಲಿದ್ದೂ ದಿನವಿಡೀ ಇಂಗ್ಲಿಷ್ ಮಾತಾಡದೆ ಬದುಕಬಹುದು. ಕೆಲಸದಲ್ಲಿ ತಮ್ಮ ಭಾಷೆಯವರೇ, ಮನೆಯಲ್ಲೂ ತಮ್ಮ ಭಾಷೆಯೇ, ಅಂಗಡಿಯಲ್ಲಿ ಯಂತ್ರಕ್ಕೆ ಕಾರ್ಡು ತೋರಿಸಿದರೆ ಆಯಿತು. ನಿಮ್ಮ ವಾಕ್ಯ ಮುಗಿಯುವವರೆಗೆ ಕಾಯುವ ಒಬ್ಬರಾದರೂ ಬೇಕು. ಜೊತೆಗೆ, ಮಕ್ಕಳ ತಪ್ಪನ್ನು ಯಾರಾದರೂ ತಿದ್ದುತ್ತಾರೆ, ದೊಡ್ಡವರ ತಪ್ಪನ್ನು ಮರ್ಯಾದೆಗೆ ಬಿಟ್ಟುಬಿಡುತ್ತಾರೆ. ಅರ್ಥವಾದರೆ ಸಾಕು, ಯಾಕೆ ನೋಯಿಸುವುದು ಎಂದು.

ಅದಕ್ಕೇ ಹೊರಟು ನಿಂತವರಿಗೆಲ್ಲ ನಾನು ಹೇಳುವುದು, ತಿದ್ದಿ ಎಂದು ಬಾಯಿಬಿಟ್ಟು ಕೇಳಿ. ಒಬ್ಬಾಕೆ ಪಕ್ಕದ ಮನೆಯ ಅಜ್ಜಿಯನ್ನು ಹಾಗೆ ಕೇಳಿಕೊಂಡರು. ಇವರು "ಹಿ ಡೋಂಟ್" ಎಂದಾಗಲೆಲ್ಲ ಅಜ್ಜಿ ಬೆರಳೆತ್ತುತ್ತಿದ್ದರು, ಅಷ್ಟೇ. ಮೊನ್ನೆ ನನ್ನ ಜೊತೆ ಫೋನಿನಲ್ಲಿ ಮಾತಾಡುತ್ತಾ "ಹಿ ಡೋಂ..." ಎಂದು ತಡೆದು, "ಡಸಂಟ್" ಎಂದು ತಾವೇ ತಿದ್ದಿಕೊಂಡರು.